ನೀವೇ ಕಟ್ಟಿದ ಲಿನಕ್ಸ್ ಬೂಟ್ ಆಗ್ತಿಲ್ವಾ? ಎಲ್ಲಿ ನಿಂತಿದೆ ಅಂತ ಮೊದಲು ನೋಡಿ

ಸ್ಕ್ರೀನ್ ಮೇಲೆ ಪ್ಯಾನಿಕ್ ಅಂತ (ಮುಂದೆ ಹೋಗಲಾಗದೆ ನಿಂತೆ ಅಂತ) ಬಂದ ತಕ್ಷಣ ಡಿಸ್ಕ್ ಫಾರ್ಮ್ಯಾಟ್ ಮಾಡಬೇಡಿ. ಮೊದಲಿಂದ ಮತ್ತೆ ಕಟ್ಟೋಣ ಅಂತಲೂ ಹೊರಡಬೇಡಿ. ಲಿನಕ್ಸ್ ಫ್ರಮ್ ಸ್ಕ್ರಾಚ್ (ಇಡೀ ಸಿಸ್ಟಮ್ ಅನ್ನು ಸೋರ್ಸ್‌ನಿಂದ ನಾವೇ ಕಟ್ಟುವುದು) ಕ್ರಮದಲ್ಲಿ ವಾರಗಟ್ಟಲೆ ಕೂತು, ಕಂಪೈಲರ್‌ನಿಂದ ಹಿಡಿದು ಒಂದೊಂದೇ ಪ್ಯಾಕೇಜ್ ಕಟ್ಟಿದ್ದೀರಿ. ಅದೆಲ್ಲ ಡಿಸ್ಕ್‌ನಲ್ಲಿ ಹಾಗೇ ಇದೆ, ಎಲ್ಲೂ ಹೋಗಿಲ್ಲ. ಕೆಟ್ಟಿರುವುದು ಹೆಚ್ಚಾಗಿ ಒಂದೇ ಒಂದು ಸಾಲು, ಇಲ್ಲವೇ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಮೆನುವಿನಲ್ಲಿ ಹಾಕದೆ ಬಿಟ್ಟ ಒಂದು ಗುರುತು.

ಹೋದ ತಿಂಗಳು ಸಿರುಗುಪ್ಪ ಕಡೆಯ ಒಬ್ಬ ಹುಡುಗ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ. ಇಲ್ಲೇ ಬಳ್ಳಾರಿಯಲ್ಲಿ ರೂಮ್ ಮಾಡಿಕೊಂಡು ಡಿಪ್ಲೊಮಾ ಓದುತ್ತಿದ್ದಾನೆ. ದನಿಯಲ್ಲೇ ಅಳು ಇತ್ತು.

"ಅಣ್ಣಾ, ಎಲ್ಲಾ ಹೋತು ಅಣ್ಣಾ. ಮತ್ತೆ ಮೊದಲಿಂದ ಮಾಡ್ಬೇಕೇನು?"

"ಸ್ಕ್ರೀನ್ ಮೇಲೆ ಏನೈತೆ ಓದಪ್ಪ."

"ಕರ್ನಲ್ ಪ್ಯಾನಿಕ್ ಅಂತೈತೆ."

"ಅದರ ಮೇಲಿನ ಸಾಲು?"

ಅವನು ಅದನ್ನು ನೋಡೇ ಇರಲಿಲ್ಲ. ನೋಡಿ ಓದಿದ ಮೇಲೆ ಹತ್ತೇ ನಿಮಿಷದಲ್ಲಿ ಅವನ ಸಿಸ್ಟಮ್ ಲಾಗಿನ್ ತನಕ ಬಂತು. ಏನಾಗಿತ್ತು ಅಂತ ಮುಂದೆ ಹೇಳ್ತೀನಿ. ಇದನ್ನು ಬರೆಯೋಕೆ ಕೂತಿದ್ದೇ ಅವನಿಂದಾಗಿ.

ಒಂದು ಮಾತು ಮೊದಲೇ. ಆಜ್ಞೆಗಳನ್ನು ಇಲ್ಲಿ ಓದೋ ಹಾಗೆ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಯಾರ ಕೈಯಲ್ಲಿ ನಿಂತಿದೆ?

ನಮ್ಮೂರಲ್ಲಿ ಜೀನ್ಸ್ ಹೊಲಿಯುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಪ್ಯಾಂಟು ಕಟಿಂಗ್ ಆಗಿ, ಹೊಲಿಗೆಗೆ ಹೋಗಿ, ಬಟನ್ ಹಾಕಿಸಿಕೊಂಡು, ವಾಷಿಂಗ್ ಮುಗಿಸಿ, ಇಸ್ತ್ರಿಗೆ ಬರುತ್ತದೆ. ಬಟನ್ ಇಲ್ಲದ ಪ್ಯಾಂಟು ಕೈಗೆ ಬಂದರೆ ಯಾರೂ ಕಟಿಂಗ್ ಮಾಸ್ಟರನ್ನು ಕೇಳುವುದಿಲ್ಲ. ಬಟ್ಟೆ ಅಲ್ಲಿ ತನಕ ಸರಿಯಾಗಿ ಬಂದಿದೆ ಅಂತ ಪ್ಯಾಂಟೇ ಹೇಳುತ್ತಿದೆ, ಅಲ್ವಾ?

ಬೂಟ್ ಕೂಡ ಹಾಗೇ ಕೈಯಿಂದ ಕೈಗೆ ಹೋಗುವ ಕೆಲಸ. ಪವರ್ ಬಟನ್ ಒತ್ತಿದರೆ ಮೊದಲು ಏಳುವುದು ಬೋರ್ಡ್ ಮೇಲಿನ ಫರ್ಮ್‌ವೇರ್. ಹಳೆಯದಾದರೆ ಬಯೋಸ್, ಹೊಸದಾದರೆ ಯುಇಎಫ್‌ಐ. ಅದು ಡಿಸ್ಕ್ ಹುಡುಕಿ, ಅದರಲ್ಲಿರುವ ಬೂಟ್‌ಲೋಡರ್ ಆದ ಗ್ರಬ್‌ಗೆ ಕೊಡುತ್ತದೆ. ಗ್ರಬ್ ಕರ್ನಲ್ ಫೈಲನ್ನು ಮೆಮೊರಿಗೆ ತುಂಬಿ ಅದಕ್ಕೆ ಕೊಡುತ್ತದೆ. ಕರ್ನಲ್ ಸಿಸ್ಟಮ್ ಫೈಲುಗಳಿರುವ ರೂಟ್ ಪಾರ್ಟಿಷನ್ ಹತ್ತಿಸಿಕೊಂಡು (ಮೌಂಟ್ ಮಾಡಿಕೊಂಡು) ಮೊದಲ ಪ್ರೋಗ್ರಾಮ್ ಆದ ಇನಿಟ್ ಅನ್ನು ಶುರು ಮಾಡುತ್ತದೆ. ಇನಿಟ್ ಉಳಿದದ್ದೆಲ್ಲ ಎಬ್ಬಿಸಿ ಲಾಗಿನ್ ತೋರಿಸುತ್ತದೆ. ನೀವು ಹುಡುಕಬೇಕಾದದ್ದು ಒಂದೇ: ಯಾರು ಯಾರಿಗೆ ಕೊಡುವಾಗ ಕೈ ತಪ್ಪಿತು? ಗ್ರಬ್ ಮೆನು ಕಂಡರೆ ಫರ್ಮ್‌ವೇರ್ ಸರಿ ಇದೆ. ಕರ್ನಲ್ ಸಾಲುಗಳು ಓಡಿದರೆ ಗ್ರಬ್ ಸರಿ ಇದೆ. ಹಿಂದಿನವರನ್ನು ಸುಮ್ನೆ ಕೆದಕಬೇಡಿ.

ಸ್ಕ್ರೀನ್ ಹಿಡಿದಿಟ್ಟುಕೊಳ್ಳಿ

ಗ್ರಬ್ ಮೆನುವಿನಲ್ಲಿ ನಿಮ್ಮ ಎಂಟ್ರಿ ಮೇಲೆ ನಿಂತು ಇ ಒತ್ತಿ. ಲಿನಕ್ಸ್ ಅಂತ ಶುರುವಾಗುವ ಸಾಲಿನಲ್ಲಿ ಕ್ವಯಟ್ ಅನ್ನುವ ಪದ ಇದ್ದರೆ ಅಳಿಸಿ. ಆಮೇಲೆ ಕಂಟ್ರೋಲ್ ಮತ್ತು ಎಕ್ಸ್, ಇಲ್ಲವೇ ಎಫ್10. ಇಲ್ಲಿ ಮಾಡಿದ ಬದಲಾವಣೆ ಈ ಒಂದು ಬೂಟ್‌ಗೆ ಮಾತ್ರ, ಡಿಸ್ಕ್ ಮೇಲೆ ಏನೂ ಬರೆಯುವುದಿಲ್ಲ. ಹಾಗಾಗಿ ಧೈರ್ಯವಾಗಿ ಪ್ರಯೋಗ ಮಾಡಿ.

ಸಾಲುಗಳು ಕಣ್ಣಿಗೆ ಸಿಗದಷ್ಟು ಬೇಗ ಓಡುತ್ತವೆ. ಮೊದಲೆಲ್ಲ ಶಿಫ್ಟ್ ಹಿಡಿದು ಪೇಜ್‌ಅಪ್ ಒತ್ತಿದರೆ ಮೇಲಕ್ಕೆ ಹೋಗಬಹುದಿತ್ತು. 2020ರ ಅಕ್ಟೋಬರ್‌ನಲ್ಲಿ ಬಂದ 5.9ನೇ ಕರ್ನಲ್‌ನಲ್ಲಿ ಆ ಸೌಲಭ್ಯ ತೆಗೆದಿದ್ದಾರೆ. ಈಗ ನನ್ನ ದಾರಿ ಮೊಬೈಲ್. ಸ್ಲೋ ಮೋಷನ್‌ನಲ್ಲಿ ವಿಡಿಯೊ ಹಿಡಿದು, ಆಮೇಲೆ ಒಂದೊಂದೇ ಫ್ರೇಮ್ ನಿಲ್ಲಿಸಿ ಓದ್ತೀನಿ. ಫೋನನ್ನು ಪುಸ್ತಕದ ಅಟ್ಟಿಗೆ ಒರಗಿಸಿಡಿ, ಕೈಯಲ್ಲಿ ಹಿಡಿದರೆ ಅಕ್ಷರ ಮಸುಕಾಗುತ್ತದೆ.

ಜೊತೆಗೆ ಒಂದು ಲೈವ್ ಪೆನ್‌ಡ್ರೈವ್ (ಅದರಿಂದಲೇ ನೇರ ಲಿನಕ್ಸ್ ಏಳುವಂಥದ್ದು) ಸಿದ್ಧ ಇಟ್ಟುಕೊಳ್ಳಿ. ಯಾವ ಡಿಸ್ಟ್ರೊ ಆದರೂ ನಡೆಯುತ್ತದೆ, 64 ಬಿಟ್ ಇರಬೇಕು ಅಷ್ಟೇ.

ಗ್ರಬ್ ತನಕವೂ ಬರದಿದ್ದರೆ

ಬೂಟ್ ಡಿವೈಸ್ ಸಿಗಲಿಲ್ಲ ಅಂತ ಬಂದರೆ ಮೊದಲು ಫರ್ಮ್‌ವೇರ್‌ನ ಸೆಟಪ್ ಒಳಗೆ ಹೋಗಿ ಡಿಸ್ಕ್ ಹೆಸರು ಕಾಣುತ್ತದಾ ನೋಡಿ. ಕಾಣದಿದ್ದರೆ ಲಿನಕ್ಸ್ ಮಾತೇ ಬೇಡ. ಪವರ್ ಕೇಬಲ್ ಕಿತ್ತು, ಕ್ಯಾಬಿನೆಟ್ ಬಿಚ್ಚಿ, ಸಾಟಾ ಕೇಬಲ್ ಎರಡೂ ತುದಿ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಸಂಡೂರು, ತೋರಣಗಲ್ಲು ಕಡೆ ಮನೆ ಇರುವವರಿಗೆ ಹೇಳಬೇಕಿಲ್ಲ, ಕೆಂಪು ಧೂಳು ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ.

ಡಿಸ್ಕ್ ಕಂಡರೆ ಮುಂದಿನ ಪ್ರಶ್ನೆ: ನೀವು ಕಟ್ಟಿದ್ದು ಬಯೋಸ್ ಕ್ರಮದಲ್ಲೋ ಯುಇಎಫ್‌ಐ ಕ್ರಮದಲ್ಲೋ? ಯಂತ್ರ ಈಗ ಯಾವುದರಲ್ಲಿ ಏಳುತ್ತಿದೆ? ಎರಡೂ ಒಂದೇ ಇರಬೇಕು. ಯುಇಎಫ್‌ಐ ಆದರೆ ಫ್ಯಾಟ್32 ಇರುವ ಒಂದು ಇಎಸ್‌ಪಿ (ಫರ್ಮ್‌ವೇರ್ ಬೂಟ್ ಫೈಲ್ ಹುಡುಕುವ) ಪಾರ್ಟಿಷನ್ ಬೇಕು, ಸೆಕ್ಯೂರ್ ಬೂಟ್ ಆಫ್ ಇರಬೇಕು. ನೀವೇ ಕಟ್ಟಿದ ಗ್ರಬ್‌ಗೆ ಯಾರ ಸಹಿಯೂ ಇರುವುದಿಲ್ಲವಲ್ಲ. ಬಯೋಸ್ ಯಂತ್ರದಲ್ಲಿ ಜಿಪಿಟಿ (ಹೊಸ ಥರದ ಪಾರ್ಟಿಷನ್ ಟೇಬಲ್) ಡಿಸ್ಕ್ ಹಾಕಿದ್ದರೆ ಗ್ರಬ್ ಕೂರಲು 1 ಎಂಬಿಯ ಒಂದು ಬಯೋಸ್ ಬೂಟ್ ಪಾರ್ಟಿಷನ್ ಬೇಕು. ಅದಕ್ಕೆ ಫೈಲ್‌ಸಿಸ್ಟಮ್ ಹಾಕಬಾರದು, ಖಾಲಿಯಾಗೇ ಇರಲಿ.

ಗ್ರಬ್ ಅರ್ಧಕ್ಕೆ ನಿಂತರೆ

ಇಲ್ಲಿ ಎರಡು ಥರ ಇದೆ. ಬರೀ ಗ್ರಬ್ ಅಂತ ಪ್ರಾಂಪ್ಟ್ ಬಂದರೆ ಗ್ರಬ್ ಪೂರ್ತಿ ಎದ್ದಿದೆ, ಅದಕ್ಕೆ ಸೆಟ್ಟಿಂಗ್ ಫೈಲ್ ಮಾತ್ರ ಸಿಕ್ಕಿಲ್ಲ. ಗ್ರಬ್ ರೆಸ್ಕ್ಯೂ ಅಂತ ಬಂದರೆ ಅದರ ಸ್ವಂತ ಮಾಡ್ಯೂಲ್‌ಗಳೇ ಸಿಕ್ಕಿಲ್ಲ.

ರೆಸ್ಕ್ಯೂನಲ್ಲಿ ನಾಲ್ಕೇ ಆಜ್ಞೆ ಕೆಲಸ ಮಾಡುತ್ತವೆ: ಎಲ್‌ಎಸ್, ಸೆಟ್, ಅನ್‌ಸೆಟ್, ಇನ್ಸ್‌ಮಾಡ್. ಎಲ್‌ಎಸ್ ಹೊಡೆದರೆ ಎಚ್‌ಡಿ0, ಎಚ್‌ಡಿ0 ಕಾಮಾ ಜಿಪಿಟಿ1, ಜಿಪಿಟಿ2 ಅಂತ ಪಟ್ಟಿ ಬರುತ್ತದೆ. ಒಂದೊಂದನ್ನೂ ಬ್ರಾಕೆಟ್ ಸಮೇತ ಬರೆದು, ಮುಂದೆ ಓರೆಗೆರೆ ಹಾಕಿ ಎಲ್‌ಎಸ್ ಮಾಡಿ ನೋಡಿ. ಯಾವುದರಲ್ಲಿ ಬೂಟ್ ಫೋಲ್ಡರ್ ಕಾಣುತ್ತದೋ ಅದೇ ನಿಮ್ಮದು. ಜಿಪಿಟಿ2ರಲ್ಲಿ ಸಿಕ್ಕಿತು ಅಂದುಕೊಳ್ಳಿ:

ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಜಿಪಿಟಿ2)/ಬೂಟ್/ಗ್ರಬ್
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

ಮೆನು ಬರಬೇಕು. ಮೆನು ಬರದೆ ಗ್ರಬ್ ಪ್ರಾಂಪ್ಟ್ ಬಂದರೂ ಪರವಾಗಿಲ್ಲ, ಕೈಯಲ್ಲೇ ಬೂಟ್ ಮಾಡಬಹುದು:

ಸೆಟ್ ರೂಟ್=(ಎಚ್‌ಡಿ0,ಜಿಪಿಟಿ2)
ಲಿನಕ್ಸ್ /ಬೂಟ್/ನಿಮ್ಮ ಕರ್ನಲ್ ಫೈಲ್ ರೂಟ್=/ಡೆವ್/ಎಸ್‌ಡಿಎ2 ಆರ್‌ಒ
ಬೂಟ್

ಗ್ರಬ್ ಪ್ರಾಂಪ್ಟ್‌ನಲ್ಲಿ ಟ್ಯಾಬ್ ಒತ್ತಿದರೆ ಫೈಲ್ ಹೆಸರು ತಾನೇ ತುಂಬಿಕೊಳ್ಳುತ್ತದೆ. ಇಲ್ಲಿ ಜಾಸ್ತಿ ಜನ ಎಡವುವುದು ಎರಡು ಕಡೆ. ಒಂದು, ಗ್ರಬ್ ಡಿಸ್ಕ್‌ಗಳನ್ನು ಸೊನ್ನೆಯಿಂದ ಎಣಿಸುತ್ತದೆ, ಪಾರ್ಟಿಷನ್‌ಗಳನ್ನು ಒಂದರಿಂದ. ಎರಡು, ಆ ಮೇಲಿನ ಎರಡು ರೂಟ್‌ಗಳೂ ಒಂದೇ ಅಲ್ಲ. ಮೊದಲನೆಯದು ಗ್ರಬ್‌ಗೆ: ಕರ್ನಲ್ ಫೈಲ್ ಎಲ್ಲಿದೆ ಅಂತ. ಲಿನಕ್ಸ್ ಸಾಲಿನೊಳಗಿನದು ಕರ್ನಲ್‌ಗೆ: ಎದ್ದ ಮೇಲೆ ನಿನ್ನ ಮನೆ ಯಾವುದು ಅಂತ. ಬೂಟ್‌ಗೆ ಬೇರೆ ಪಾರ್ಟಿಷನ್ ಮಾಡಿದ್ದರೆ ಇವೆರಡೂ ಬೇರೆ ಬೇರೆ ಆಗುತ್ತವೆ, ಆಗ ಕರ್ನಲ್ ಫೈಲಿನ ದಾರಿಯಲ್ಲಿ ಬೂಟ್ ಅನ್ನುವ ಪದವೂ ಇರುವುದಿಲ್ಲ.

ಎಲ್‌ಎಸ್ ಮಾಡಿದಾಗ ನಿಮ್ಮ ಚೆನ್ನಾಗಿರುವ ಇಎಕ್ಸ್‌ಟಿ4 ಪಾರ್ಟಿಷನ್‌ಗೂ ಗೊತ್ತಿಲ್ಲದ ಫೈಲ್‌ಸಿಸ್ಟಮ್ ಅಂತ ಗ್ರಬ್ ಹೇಳಿದರೆ, ನಿಮ್ಮ ಗ್ರಬ್ 2.06 ಇರಬಹುದು, ಪಾರ್ಟಿಷನ್ ಫಾರ್ಮ್ಯಾಟ್ ಮಾಡಿದ್ದು ಇಎಕ್ಸ್‌ಟಿ4 ಸಲಕರಣೆಗಳ ಪ್ಯಾಕೇಜ್ ಆದ ಇ2ಎಫ್‌ಎಸ್‌ಪ್ರಾಗ್ಸ್ 1.47 ಅಥವಾ ಅದಕ್ಕಿಂತ ಹೊಸದರಲ್ಲಿ ಇರಬಹುದು. ಅಲ್ಲಿಂದ ಮುಂದೆ ಮೆಟಾಡೇಟಾ ಚೆಕ್‌ಸಮ್ ಸೀಡ್ ಅನ್ನುವ ಗುಣ ತಾನಾಗೇ ಆನ್ ಆಗಿರುತ್ತದೆ, 2.06ಕ್ಕೆ ಅದು ಗೊತ್ತಿಲ್ಲ. ಲೈವ್ ಪೆನ್‌ಡ್ರೈವ್‌ನಿಂದ ಎದ್ದು ಟ್ಯೂನ್2ಎಫ್‌ಎಸ್‌ನಲ್ಲಿ ಆ ಒಂದು ಗುಣ ತೆಗೆಯಿರಿ, ಇಲ್ಲವೇ ಗ್ರಬ್ 2.12 ಕಟ್ಟಿ ಹಾಕಿ. ಡೇಟಾಗೆ ಏನೂ ಆಗಿರುವುದಿಲ್ಲ.

ಕರ್ನಲ್‌ಗೆ ರೂಟ್ ಸಿಗದಿದ್ದರೆ

ಇದೇ ದೊಡ್ಡ ವಿಷಯ. ಮನೆಯಲ್ಲಿ ಕಟ್ಟಿದ ಸಿಸ್ಟಮ್‌ಗಳಲ್ಲಿ ನಾನು ಅತಿ ಹೆಚ್ಚು ನೋಡಿರುವ ತೊಂದರೆ ಇದು. ಅನ್‌ನೋನ್ ಬ್ಲಾಕ್ ಅಂತ ಬರೆದು, ಪಕ್ಕದಲ್ಲಿ ಬ್ರಾಕೆಟ್‌ನಲ್ಲಿ ಎರಡು ಅಂಕಿ ಕೊಟ್ಟು ಪ್ಯಾನಿಕ್ ಆಗಿರುತ್ತದೆ. ಎಲ್ಲರೂ ಪ್ಯಾನಿಕ್ ಅನ್ನುವ ಪದ ನೋಡುತ್ತಾರೆ. ನೀವು ಆ ಎರಡು ಅಂಕಿ ನೋಡಿ.

8,2 ಅಂತ ಇದ್ದರೆ ಕರ್ನಲ್‌ಗೆ ಡಿಸ್ಕ್ ಸಿಕ್ಕಿದೆ. 8 ಅಂದರೆ ಎಸ್‌ಡಿ ಡಿಸ್ಕ್, 2 ಅಂದರೆ ಎಸ್‌ಡಿಎ2. ಡಿಸ್ಕ್ ಸಿಕ್ಕಿದೆ, ಆದರೆ ಅದರೊಳಗಿನ ಫೈಲ್‌ಸಿಸ್ಟಮ್ ಓದೋಕೆ ಬರುತ್ತಿಲ್ಲ. ಇಎಕ್ಸ್‌ಟಿ4 ಕರ್ನಲ್ ಒಳಗೆ ಇಲ್ಲ, ಇಲ್ಲವೇ ಮಾಡ್ಯೂಲ್ ಆಗಿ ಹೊರಗೆ ಕೂತಿದೆ. ಪಾರ್ಟಿಷನ್ ನಂಬರೇ ತಪ್ಪಿದ್ದು ನೀವು ಸ್ವಾಪ್ ಪಾರ್ಟಿಷನ್ ತೋರಿಸಿದ್ದರೂ ಹೀಗೇ ಬರುತ್ತದೆ.

0,0 ಅಂತ ಇದ್ದರೆ ನೀವು ಹೇಳಿದ ಹೆಸರಿನ ಡಿಸ್ಕೇ ಅದಕ್ಕೆ ಸಿಕ್ಕಿಲ್ಲ. ಈಗ ಸ್ವಲ್ಪ ಮೇಲೆ ನೋಡಿ. ಇವು ಇರುವ ಪಾರ್ಟಿಷನ್‌ಗಳು ಅಂತ ಒಂದು ಪಟ್ಟಿ ಕೊಟ್ಟಿರುತ್ತದೆ. ಪಟ್ಟಿಯಲ್ಲಿ ಎಸ್‌ಡಿಎ1, ಎಸ್‌ಡಿಎ2 ಅಂತ ಹೆಸರುಗಳಿದ್ದರೆ ಡ್ರೈವರ್ ಸರಿ ಇದೆ, ನೀವು ಕೊಟ್ಟ ಹೆಸರು ತಪ್ಪು. ಪಟ್ಟಿ ಖಾಲಿ ಇದ್ದರೆ ಡ್ರೈವರೇ ಇಲ್ಲ.

ಆ ಸಿರುಗುಪ್ಪದ ಹುಡುಗನದು 0,0, ಪಟ್ಟಿಯಲ್ಲಿ ಹೆಸರುಗಳಿದ್ದವು, ಕೊಟ್ಟ ಹೆಸರು ತಪ್ಪು. ಪೆನ್‌ಡ್ರೈವ್‌ನಲ್ಲಿ ಲೈವ್ ಸಿಸ್ಟಮ್ ಓಡಿಸಿಕೊಂಡು ಕಟ್ಟಿದ್ದ. ಆಗ ಪೆನ್‌ಡ್ರೈವ್ ಎಸ್‌ಡಿಎ ಆಗಿತ್ತು, ಹಾರ್ಡ್ ಡಿಸ್ಕ್ ಎಸ್‌ಡಿಬಿ. ಗ್ರಬ್ ಫೈಲ್‌ನಲ್ಲಿ ಎಸ್‌ಡಿಬಿ2 ಅಂತಲೇ ಬರೆದ. ಕೆಲಸ ಮುಗಿದು ಪೆನ್‌ಡ್ರೈವ್ ಕಿತ್ತ ಮೇಲೆ ಹಾರ್ಡ್ ಡಿಸ್ಕ್ ಎಸ್‌ಡಿಎ ಆಯಿತು. ಇ ಒತ್ತಿಸಿ, ಒಂದೇ ಒಂದು ಅಕ್ಷರ ಬದಲಾಯಿಸಲು ಹೇಳಿದೆ, ಎದ್ದಿತು. ಒಂದು ಅಕ್ಷರಕ್ಕೆ ಅವನು ಮೂರು ವಾರದ ಕೆಲಸ ಅಳಿಸೋಕೆ ಹೊರಟಿದ್ದ.

ಹೆಸರು ಹೀಗೆ ಅದಲು ಬದಲು ಆಗದಿರಲು ಪಾರ್ಟ್‌ಯುಯುಐಡಿ ಬಳಸಿ. ಬಿಎಲ್‌ಕೆಐಡಿ ಆಜ್ಞೆ ಕೊಟ್ಟರೆ ಪ್ರತಿ ಪಾರ್ಟಿಷನ್‌ಗೂ ತೋರಿಸುತ್ತದೆ. ಅದರ ಪಕ್ಕದಲ್ಲೇ ಬರೀ ಯುಯುಐಡಿ ಅಂತಲೂ ಒಂದು ಇರುತ್ತದೆ. ಅದನ್ನು ಹಾಕಬೇಡಿ. ಇನಿಟ್‌ರ್ಯಾಮ್‌ಎಫ್‌ಎಸ್ (ರೂಟ್ ಹತ್ತುವ ಮುಂಚೆ ಮೆಮೊರಿಯಲ್ಲಿ ಓಡುವ ಚಿಕ್ಕ ಸಿಸ್ಟಮ್) ಇಲ್ಲದೆ ಬೂಟ್ ಮಾಡುವಾಗ ಬರೀ ಕರ್ನಲ್‌ಗೆ ಯುಯುಐಡಿ ಅರ್ಥವಾಗುವುದಿಲ್ಲ, ಯಾಕೆಂದರೆ ಅದು ಫೈಲ್‌ಸಿಸ್ಟಮ್ ಒಳಗೆ ಬರೆದಿರುವ ಗುರುತು. ಪಾರ್ಟ್‌ಯುಯುಐಡಿ ಪಾರ್ಟಿಷನ್ ಟೇಬಲ್‌ನಲ್ಲೇ ಇರುವುದರಿಂದ ಅದನ್ನು ಓದಬಲ್ಲದು. ಉಬುಂಟು ಥರದ ಸಿಸ್ಟಮ್‌ನ ಸಾಲು ನೋಡಿ ನಕಲು ಮಾಡಿದವರು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಯುಎಸ್‌ಬಿ ಡಿಸ್ಕ್‌ನಲ್ಲಿ ಕಟ್ಟಿದ್ದರೆ ಆ ಸಾಲಿಗೆ ರೂಟ್‌ವೇಟ್ ಅಂತಲೂ ಸೇರಿಸಿ. ಯುಎಸ್‌ಬಿ ಡಿಸ್ಕ್ ಏಳುವುದು ನಿಧಾನ, ಕರ್ನಲ್ ಕಾಯಬೇಕು.

ಪಟ್ಟಿ ಖಾಲಿ ಇದ್ದವರು ಲೈವ್ ಪೆನ್‌ಡ್ರೈವ್‌ನಿಂದ ಎದ್ದು, ಎಲ್‌ಎಸ್‌ಪಿಸಿಐ ಆಜ್ಞೆಗೆ ಮೈನಸ್ ಕೆ ಸೇರಿಸಿ ಹೊಡೆಯಿರಿ. ಡಿಸ್ಕ್ ಕಂಟ್ರೋಲರ್ ಕೆಳಗೆ ಯಾವ ಡ್ರೈವರ್ ಬಳಕೆಯಲ್ಲಿದೆ ಅಂತ ಬರೆದಿರುತ್ತದೆ. ಎಎಚ್‌ಸಿಐ, ಎನ್‌ವಿಎಂಇ, ಹೀಗೆ ಏನೋ ಒಂದು. ಅದನ್ನು ಚೀಟಿಯಲ್ಲಿ ಬರೆದುಕೊಂಡು, ನಿಮ್ಮ ಕರ್ನಲ್‌ನ ಆಯ್ಕೆಗಳ ಮೆನು ಆದ ಮೆನುಕಾನ್ಫಿಗ್‌ಗೆ ಬಂದು, ಓರೆಗೆರೆ ಒತ್ತಿ ಆ ಹೆಸರು ಹುಡುಕಿ. ಅದರ ಮುಂದೆ ನಕ್ಷತ್ರ ಇರಬೇಕು, ಎಂ ಇರಬಾರದು. ಎಂ ಅಂದರೆ ಮಾಡ್ಯೂಲ್, ಅದು ಫೈಲ್ ಆಗಿ ರೂಟ್ ಪಾರ್ಟಿಷನ್ ಒಳಗೆ ಇರುತ್ತದೆ. ರೂಟ್ ತೆರೆಯೋ ಬೀಗದ ಕೈಯನ್ನು ರೂಟ್ ಒಳಗೇ ಇಟ್ಟು ಬಾಗಿಲು ಹಾಕಿದ ಹಾಗೆ. ಸಾಟಾ ಡಿಸ್ಕ್ ಆದರೆ ಎಎಚ್‌ಸಿಐ ಜೊತೆ ಸ್ಕಸಿ ಡಿಸ್ಕ್ ಬೆಂಬಲವೂ ನಕ್ಷತ್ರ ಇರಬೇಕು. ಇದನ್ನು ಮರೆಯುವವರು ಬಹಳ, ಸಾಟಾಗೂ ಸ್ಕಸಿಗೂ ಏನು ಸಂಬಂಧ ಅಂತ ಬಿಟ್ಟುಬಿಡುತ್ತಾರೆ. ಎಸ್‌ಡಿಎ ಅನ್ನುವ ಹೆಸರು ಕೊಡುವುದೇ ಆ ಭಾಗ.

ಇಡೀ ಪಟ್ಟಿ ಕೈಯಲ್ಲಿ ಹುಡುಕೋಕೆ ಬೇಜಾರಾದರೆ, ಲೈವ್ ಸಿಸ್ಟಮ್ ಓಡುತ್ತಿರುವಾಗಲೇ ಕರ್ನಲ್ ಸೋರ್ಸ್ ಒಳಗೆ ನಿಂತು ಮೇಕ್ ಲೋಕಲ್‌ಯೆಸ್‌ಕಾನ್ಫಿಗ್ ಕೊಡಿ. ಈಗ ಲೋಡ್ ಆಗಿರುವ ಮಾಡ್ಯೂಲ್‌ಗಳನ್ನೆಲ್ಲ ಅದು ಕರ್ನಲ್ ಒಳಗೇ ಸೇರಿಸುತ್ತದೆ. ಕೊನೆಗೆ ಇಎಕ್ಸ್‌ಟಿ4ಗೆ ನಕ್ಷತ್ರ ಬಿದ್ದಿದೆಯಾ ಅಂತ ಒಮ್ಮೆ ಕಣ್ಣಾರೆ ನೋಡಿ. ಮತ್ತೆ ಕಂಪೈಲ್ ಮಾಡಬೇಕಿರುವುದು ಕರ್ನಲ್ ಒಂದೇ. ಹಳೆಯ ಕರ್ನಲ್ ಅಳಿಸಬೇಡಿ, ಹೊಸದಕ್ಕೆ ಬೇರೆ ಹೆಸರಿಟ್ಟು ಗ್ರಬ್‌ನಲ್ಲಿ ಎರಡನೇ ಎಂಟ್ರಿ ಮಾಡಿ.

ನಿನ್ನೆ ಎದ್ದದ್ದು ಇವತ್ತು ಏಳದಿದ್ದರೆ

ಇದು ನನಗೇ ಆದದ್ದು. ಜೀನ್ಸ್ ಯೂನಿಟ್ ನಡೆಸುವ ಗೆಳೆಯನೊಬ್ಬ ತನ್ನ ಆಫೀಸಿನ ಹಳೆಯ ಡೆಸ್ಕ್‌ಟಾಪ್ ಕೊಟ್ಟಿದ್ದ. ಅದರಲ್ಲೇ ಕಟ್ಟಿದ್ದೆ, ನಾಲ್ಕು ತಿಂಗಳು ಚೆನ್ನಾಗಿ ಓಡಿತು. ಮೇ ತಿಂಗಳ ಒಂದು ರಾತ್ರಿ ಕರೆಂಟ್ ಹೋಯಿತು, ಬೆಳಗಿನ ತನಕ ಬರಲಿಲ್ಲ. ಬೆಳಗ್ಗೆ ಆನ್ ಮಾಡಿದರೆ ಪ್ಯಾನಿಕ್, 0,0, ಪಟ್ಟಿ ಖಾಲಿ. ಕರ್ನಲ್ ನಾನು ಮುಟ್ಟೇ ಇರಲಿಲ್ಲ. ಆದರೂ ಕರ್ನಲ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಕಂಪೈಲ್ ಮಾಡಿದೆ. ಆ ಯಂತ್ರಕ್ಕೆ ಒಂದೊಂದು ಸಲಕ್ಕೂ ಮುಕ್ಕಾಲು ಗಂಟೆ ಬೇಕು. ಮಧ್ಯಾಹ್ನದ ಹೊತ್ತಿಗೆ ಫ್ಯಾನ್ ಗಾಳಿಯೂ ಬಿಸಿ.

ಆಮೇಲೆ ಕಣ್ಣಿಗೆ ಬಿದ್ದದ್ದು ಸೆಟಪ್ ಪರದೆಯ ಮೂಲೆಯ ದಿನಾಂಕ. 2009ರ ಜನವರಿ 1 ಅಂತ ತೋರಿಸುತ್ತಿತ್ತು.

ಬೋರ್ಡ್ ಮೇಲೆ ನಾಣ್ಯದ ಹಾಗೆ ಒಂದು ಸೆಲ್ ಇರುತ್ತದೆ, ಸಿಆರ್2032 ಅಂತ ಮೇಲೇ ಬರೆದಿರುತ್ತದೆ. ಪ್ಲಗ್‌ನಲ್ಲಿ ಕರೆಂಟ್ ಇರುವ ತನಕ ಅದು ಸತ್ತಿದ್ದರೂ ಗೊತ್ತಾಗುವುದಿಲ್ಲ. ಪೂರ್ತಿ ಕರೆಂಟ್ ಹೋದಾಗ ಇಂಥ ಹಳೆಯ ಬೋರ್ಡ್‌ಗಳಲ್ಲಿ ಸೆಟಪ್‌ನ ಆಯ್ಕೆಗಳು ಕಂಪನಿಯಿಂದ ಬಂದ ಸ್ಥಿತಿಗೆ ಹೋಗುತ್ತವೆ. ನನ್ನ ಬೋರ್ಡ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ ಇದ್ದದ್ದು ಐಡಿಇ ಆಗಿತ್ತು. ಐಡಿಇ ಮೋಡ್‌ನಲ್ಲಿ ಇಂಟೆಲ್ ಬೋರ್ಡ್‌ಗೆ ಎಟಿಎ ಪಿಕ್ಸ್ ಅನ್ನುವ ಬೇರೆ ಡ್ರೈವರ್ ಬೇಕು. ನಾನು ಕರ್ನಲ್ ಚಿಕ್ಕದಾಗಿರಲಿ ಅಂತ ಎಎಚ್‌ಸಿಐ ಒಂದನ್ನೇ ಇಟ್ಟಿದ್ದೆ. ದೊಡ್ಡ ಡಿಸ್ಟ್ರೊ ಆಗಿದ್ದರೆ ಎಲ್ಲ ಡ್ರೈವರ್‌ಗಳನ್ನೂ ಹೊತ್ತು ತಿರುಗುತ್ತದೆ, ಏನೂ ಆಗದ ಹಾಗೆ ಎದ್ದುಬಿಡುತ್ತಿತ್ತು. ನಾವು ಕಟ್ಟಿದ್ದಕ್ಕೆ ನಾವು ಹೇಳಿಕೊಟ್ಟಿದ್ದು ಮಾತ್ರ ಗೊತ್ತು.

ಸೆಟಪ್‌ನಲ್ಲಿ ಎಎಚ್‌ಸಿಐ ಮಾಡಿ ಸೇವ್ ಮಾಡಿದೆ. ಹಳೆಯ ಕರ್ನಲ್ಲೇ ಎದ್ದಿತು. ಹಾಗಾಗಿ ಬಳ್ಳಾರಿ, ರಾಯಚೂರು, ಕೊಪ್ಪಳ ಯಾವ ಕಡೆಯಿಂದ ಫೋನ್ ಬಂದರೂ ನಾನು ಈಗ ಮೊದಲು ಕೇಳುವುದು ಎರಡೇ: ರಾತ್ರಿ ಕರೆಂಟ್ ಹೋಗಿತ್ತಾ? ಸೆಟಪ್‌ನಲ್ಲಿ ದಿನಾಂಕ ಎಷ್ಟಿದೆ? ನಿಮ್ಮ ಸೆಟಪ್‌ನ ಪುಟಗಳೆಲ್ಲ ಸರಿ ಇರುವಾಗಲೇ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಇನಿಟ್ ಸಿಗಲಿಲ್ಲ, ಇಲ್ಲವೇ ಇನಿಟ್ ಸತ್ತಿತು

ರೂಟ್ ಹತ್ತಿದೆ, ಆದರೆ ಕೆಲಸ ಮಾಡುವ ಇನಿಟ್ ಸಿಗಲಿಲ್ಲ ಅಂತ ಪ್ಯಾನಿಕ್ ಆಗಿದ್ದರೆ ಮೇಲಿನ ಸಾಲಿನ ಎರರ್ ನಂಬರ್ ನೋಡಿ. ಮೈನಸ್ 2 ಅಂದರೆ ಫೈಲ್ ಇಲ್ಲ. ಮೈನಸ್ 8 ಅಂದರೆ ಫೈಲ್ ಇದೆ, ಈ ಯಂತ್ರ ಓಡಿಸುವ ರೂಪದಲ್ಲಿ ಇಲ್ಲ. ಮೈನಸ್ 2ರಲ್ಲಿ ಒಂದು ಗುಟ್ಟಿದೆ. ಇನಿಟ್ ಫೈಲ್ ತನ್ನ ಜಾಗದಲ್ಲೇ ಇದ್ದು, ಅದನ್ನು ಓಡಿಸಬೇಕಾದ ಡೈನಾಮಿಕ್ ಲೋಡರ್ ಇಲ್ಲದಿದ್ದರೂ ಇದೇ ನಂಬರ್ ಬರುತ್ತದೆ. ಲಿಬ್64 ಫೋಲ್ಡರ್ ಒಳಗೆ ಎಲ್‌ಡಿ-ಲಿನಕ್ಸ್ ಅಂತ ಶುರುವಾಗುವ ಲಿಂಕ್ ಇದೆಯಾ ನೋಡಿ.

ಇನಿಟ್ ಸತ್ತಿತು ಅಂತ ಬಂದರೆ ಪಕ್ಕದಲ್ಲಿ ಎಕ್ಸಿಟ್‌ಕೋಡ್ ಇರುತ್ತದೆ. ಕೊನೆಗೆ 7ಎಫ್00 ಅಂತ ಇದ್ದರೆ ಸಾಮಾನ್ಯವಾಗಿ ಯಾವುದೋ ಲೈಬ್ರರಿ ಸಿಕ್ಕಿಲ್ಲ, ಸ್ವಲ್ಪ ಮೇಲೆ ಅದರ ಹೆಸರೂ ಇರುತ್ತದೆ. ಕೊನೆಗೆ ಬರೀ 4 ಇದ್ದರೆ ಪ್ರೊಸೆಸರ್‌ಗೆ ಗೊತ್ತಿಲ್ಲದ ಸೂಚನೆ ಬಂದಿದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಕಂಪೈಲರ್‌ಗೆ ಮಾರ್ಚ್ ನೇಟಿವ್ (ಈ ಪ್ರೊಸೆಸರ್‌ಗೇ ಹೊಂದಿಸು) ಅನ್ನುವ ಆಯ್ಕೆ ಕೊಟ್ಟು ಕಟ್ಟಿ, ಆ ಡಿಸ್ಕ್ ತಂದು ಹಳೆಯ ಯಂತ್ರಕ್ಕೆ ಹಾಕಿದರೆ ಹೀಗಾಗುತ್ತದೆ. ಇದೊಂದಕ್ಕೆ ಮಾತ್ರ ನಿಜವಾಗಿಯೂ ಮತ್ತೆ ಕಟ್ಟಬೇಕಾಗುತ್ತದೆ, ಇಲ್ಲವೇ ಡಿಸ್ಕ್ ವಾಪಸ್ ಹಾಕಬೇಕು.

ಒಳಗೆ ಹೋಗಿ ನೋಡಲು ಗ್ರಬ್‌ನ ಲಿನಕ್ಸ್ ಸಾಲಿನ ಕೊನೆಗೆ ಇನಿಟ್=/ಬಿನ್/ಬ್ಯಾಷ್ ಸೇರಿಸಿ ಬೂಟ್ ಮಾಡಿ. ನೇರ ಶೆಲ್ ಬರುತ್ತದೆ, ಪಾಸ್‌ವರ್ಡ್ ಕೂಡ ಕೇಳುವುದಿಲ್ಲ. ರೂಟ್ ಆಗ ಓದಲು ಮಾತ್ರ ಇರುತ್ತದೆ, ಬರೆಯಬೇಕಾದರೆ:

ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯು /

ಕೆಲಸ ಮುಗಿದ ಮೇಲೆ ಎಕ್ಸಿಟ್ ಹೊಡೆಯಬೇಡಿ, ಆಗ ಆ ಬ್ಯಾಷೇ ಇನಿಟ್ ಆಗಿರುವುದರಿಂದ ಮತ್ತೆ ಪ್ಯಾನಿಕ್ ಆಗುತ್ತದೆ. ಸಿಂಕ್ ಕೊಟ್ಟು, ರೂಟ್ ಅನ್ನು ಆರ್‌ಒ ಆಗಿ ರೀಮೌಂಟ್ ಮಾಡಿ, ರೀಬೂಟ್ -ಎಫ್ ಕೊಡಿ.

ಗ್ರಬ್ ಆದಮೇಲೆ ಬರೀ ಕಪ್ಪು

ಕ್ಯಾಪ್ಸ್‌ಲಾಕ್ ಒತ್ತಿ. ದೀಪ ಹತ್ತಿ ಆರಿದರೆ ಯಂತ್ರ ಬದುಕಿದೆ, ಚಿತ್ರ ಮಾತ್ರ ಬರುತ್ತಿಲ್ಲ. ಲಿನಕ್ಸ್ ಸಾಲಿಗೆ ನೋಮೋಡ್‌ಸೆಟ್ ಸೇರಿಸಿ ನೋಡಿ. ಅದಕ್ಕೂ ಬರದಿದ್ದರೆ ಕರ್ನಲ್‌ನಲ್ಲಿ ಸಿಂಪಲ್ ಡಿಆರ್‌ಎಂ ಮತ್ತು ಫ್ರೇಮ್‌ಬಫರ್ ಕನ್ಸೋಲ್ ಎರಡಕ್ಕೂ ನಕ್ಷತ್ರ ಹಾಕಿ. ಎಎಂಡಿ ಗ್ರಾಫಿಕ್ಸ್ ಇರುವವರು ಅದರ ಡ್ರೈವರನ್ನು ಮಾತ್ರ ಎಂ ಆಗಿಯೇ ಇಡಿ. ಒಳಗೆ ಸೇರಿಸಿದರೆ ರೂಟ್ ಹತ್ತುವ ಮೊದಲೇ ಅದು ಫರ್ಮ್‌ವೇರ್ ಫೈಲ್ ಹುಡುಕಿ ಕೈಚೆಲ್ಲುತ್ತದೆ.

ಹೊರಗಿನಿಂದ ಒಳಗೆ ಹೋಗುವುದು

ಗ್ರಬ್ ಮತ್ತೆ ಹಾಕಬೇಕು, ಕರ್ನಲ್ ಮತ್ತೆ ಕಟ್ಟಬೇಕು ಅಂದಾಗ ಲೈವ್ ಪೆನ್‌ಡ್ರೈವ್‌ನಿಂದ ಎದ್ದು ಸಿಎಚ್‌ರೂಟ್ ಮಾಡಬೇಕು, ಅಂದರೆ ಡಿಸ್ಕ್‌ನಲ್ಲಿರುವ ನಿಮ್ಮ ಸಿಸ್ಟಮ್ ಒಳಗೆ ಹೊಕ್ಕು ಕೆಲಸ ಮಾಡಬೇಕು. ಕಟ್ಟುವಾಗ ಮಾಡಿದ್ದೇ, ಹೊಸದೇನಿಲ್ಲ. ರೂಟ್ ಪಾರ್ಟಿಷನ್ ಮೌಂಟ್ ಮಾಡಿ, ಡೆವ್, ಪ್ರೊಕ್, ಸಿಸ್, ರನ್ ನಾಲ್ಕನ್ನೂ ಬೈಂಡ್ ಮಾಡಿ, ಒಳಗೆ ಹೋಗಿ. ಬೂಟ್‌ಗೆ ಬೇರೆ ಪಾರ್ಟಿಷನ್ ಇದ್ದರೆ ಅದನ್ನೂ ಅದರ ಜಾಗದಲ್ಲಿ ಮೌಂಟ್ ಮಾಡಲೇಬೇಕು. ಇದನ್ನು ಒತ್ತಿ ಹೇಳ್ತಿದೀನಿ. ಮರೆತರೆ ಹೊಸ ಕರ್ನಲ್ ರೂಟ್ ಒಳಗಿನ ಖಾಲಿ ಬೂಟ್ ಫೋಲ್ಡರ್‌ಗೆ ಹೋಗಿ ಕೂರುತ್ತದೆ, ಗ್ರಬ್ ಹಳೆಯದನ್ನೇ ಎಬ್ಬಿಸುತ್ತಿರುತ್ತದೆ, ನೀವು ಎಷ್ಟು ಬದಲಾಯಿಸಿದರೂ ಅದೇ ಪ್ಯಾನಿಕ್ ಬರುತ್ತಿರುತ್ತದೆ. ಕೊಪ್ಪಳದ ಗೆಳೆಯರೊಬ್ಬರು ಎರಡು ದಿನ ಹೀಗೇ ಕಳೆದಿದ್ದರು. ಎದ್ದಿರುವುದು ಯಾವ ಕರ್ನಲ್ ಅಂತ ಬೂಟ್‌ನ ಮೊದಲ ಸಾಲಿನಲ್ಲೇ ಕಟ್ಟಿದ ದಿನಾಂಕ, ಗಂಟೆ ಸಮೇತ ಬರುತ್ತದೆ, ಅದನ್ನು ನೋಡಿದ ಮೇಲೇ ಗೊತ್ತಾಗಿದ್ದು.

ಗ್ರಬ್ ಹಾಕುವಾಗ ಬಯೋಸ್ ಯಂತ್ರಕ್ಕೆ ಇಡೀ ಡಿಸ್ಕ್ ಹೆಸರು ಕೊಡಿ, ಎಸ್‌ಡಿಎ ಅಂತ. ಎಸ್‌ಡಿಎ2 ಅಂತ ಅಲ್ಲ. ಯುಇಎಫ್‌ಐಗೆ ಹಾಕುವವರು ಲೈವ್ ಸಿಸ್ಟಮ್ ಕೂಡ ಯುಇಎಫ್‌ಐನಲ್ಲೇ ಎದ್ದಿದೆಯಾ ನೋಡಿಕೊಳ್ಳಿ. ಸಿಸ್ ಒಳಗೆ ಫರ್ಮ್‌ವೇರ್, ಅದರೊಳಗೆ ಇಎಫ್‌ಐ ಫೋಲ್ಡರ್ ಇದ್ದರೆ ಸರಿ.

ಲಾಗಿನ್‌ಗೆ ಎರಡು ಹೆಜ್ಜೆ ಮುಂಚೆ

ಇಲ್ಲಿ ನಿಂತರೆ ಮೊದಲು ಎಫ್‌ಎಸ್‌ಟ್ಯಾಬ್ (ಮೌಂಟ್ ಮಾಡಬೇಕಾದ ಡಿಸ್ಕ್‌ಗಳ ಪಟ್ಟಿ) ನೋಡಿ. ಇನಿಟ್ ಆಗಿ ಸಿಸ್ಟಮ್‌ಡಿ ಹಾಕಿದವರಿಗೆ ಒಂದೂವರೆ ನಿಮಿಷ ಕಾಯಿಸಿ ಎಮರ್ಜೆನ್ಸಿ ಮೋಡ್‌ಗೆ ಬಿದ್ದರೆ, ಇಲ್ಲದ ಡಿಸ್ಕ್ ಯಾವುದೋ ಅದರಲ್ಲಿ ಬರೆದಿದೆ. ಆಗಾಗ ಕಿತ್ತು ಹಾಕುವ ಡಿಸ್ಕ್‌ಗಳ ಸಾಲಿಗೆ ನೋಫೇಲ್ ಅಂತ ಸೇರಿಸಿ. ಸಿಸ್ಟಮ್‌ಫೈವ್ ಇನಿಟ್ ಹಾಕಿದವರಿಗೆ ಐಡಿ ಪದೇ ಪದೇ ಹುಟ್ಟುತ್ತಿದೆ, 5 ನಿಮಿಷ ನಿಲ್ಲಿಸಿದ್ದೇನೆ ಅಂತ ಬಂದರೆ, ಹೆಚ್ಚಾಗಿ ಇನಿಟ್‌ಟ್ಯಾಬ್‌ನಲ್ಲಿ (ಇನಿಟ್‌ನ ಸೆಟ್ಟಿಂಗ್ ಫೈಲ್) ಬರೆದ ಜಾಗದಲ್ಲಿ ಲಾಗಿನ್ ತೋರಿಸುವ ಎಗೆಟ್ಟಿ ಇಲ್ಲ ಅಂತ ಅರ್ಥ.

ಫೈಲ್‌ಸಿಸ್ಟಮ್ ಪರೀಕ್ಷೆಯಲ್ಲಿ ಸರಿ ಮಾಡಲಾಗದ ದೋಷ ಅಂತ ನಿಂತರೆ ಲೈವ್ ಪೆನ್‌ಡ್ರೈವ್‌ನಿಂದ ಎದ್ದು, ಪಾರ್ಟಿಷನ್ ಮೌಂಟ್ ಮಾಡದೆ, ಇ2ಎಫ್‌ಎಸ್‌ಸಿಕೆ -ಎಫ್ ಓಡಿಸಿ. ಅದಕ್ಕೂ ಮುಂಚೆ ಸ್ಮಾರ್ಟ್‌ಸಿಟಿಎಲ್ -ಎ ಕೊಟ್ಟು ಪೆಂಡಿಂಗ್ ಸೆಕ್ಟರ್ ಎಷ್ಟಿದೆ ನೋಡಿ. ಸೊನ್ನೆ ಇಲ್ಲದಿದ್ದರೆ ಡಿಸ್ಕೇ ಕೆಡುತ್ತಿದೆ, ಮೊದಲು ಡೇಟಾ ಬೇರೆ ಕಡೆ ತೆಗೆದುಕೊಳ್ಳಿ, ಆಮೇಲೆ ರಿಪೇರಿ.

ಕೊನೆಯ ಸಲ ಮೌಂಟ್ ಆದ ಹೊತ್ತು ಭವಿಷ್ಯದಲ್ಲಿದೆ ಅಂತ ಪರೀಕ್ಷೆ ದೂರಿದರೆ ಹೆದರಬೇಡಿ. ಅದು ಮತ್ತೆ ಆ ಸಿಆರ್2032 ಸೆಲ್ಲೇ. ಗಡಿಯಾರ ಹಿಂದಕ್ಕೆ ಹೋಗಿದೆ, ಡಿಸ್ಕ್ ಮೇಲೆ ಮಾತ್ರ ಸರಿಯಾದ ದಿನಾಂಕ ಇದೆ. ಪವರ್ ಕೇಬಲ್ ಕಿತ್ತು, ಸೆಲ್ ಪಕ್ಕದ ಕೊಕ್ಕೆಯನ್ನು ಉಗುರಿನಿಂದ ಹಿಂದಕ್ಕೆ ತಳ್ಳಿ. ತಾನೇ ಮೇಲಕ್ಕೆ ಏಳುತ್ತದೆ. ಹೊಸದನ್ನು, ಅದರ ಮೇಲಿನ ಪ್ಲಸ್ (+) ಗುರುತು ಮೇಲೆ ಬರುವ ಹಾಗೆ ಕೂರಿಸಿ. ಸೆಟಪ್‌ನಲ್ಲಿ ದಿನಾಂಕ, ಸಾಟಾ ಮೋಡ್, ಬೂಟ್ ಕ್ರಮ ಮೂರನ್ನೂ ಸರಿ ಮಾಡಿ ಸೇವ್ ಮಾಡಿ. ಸಿಸ್ಟಮ್ ಎದ್ದ ಮೇಲೆ ಡೇಟ್ ಹೊಡೆದು ಸಮಯ ನೋಡಿ, ಸರಿ ಇದ್ದರೆ ಎಚ್‌ಡಬ್ಲ್ಯುಕ್ಲಾಕ್ --ಸಿಸ್‌ಟುಎಚ್‌ಸಿ ಕೊಟ್ಟು ಬೋರ್ಡ್‌ನ ಗಡಿಯಾರಕ್ಕೆ ಬರೆಯಿರಿ. ಆಮೇಲೆ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು, ಮತ್ತೆ ಆನ್ ಮಾಡಿ ದಿನಾಂಕ ನಿಂತಿದೆಯಾ ನೋಡಿ.